ಮೊದಲ ಕ್ಯಾಮೆರಾ: ಬಾಡಿ ಆರಿಸುವ ಮುನ್ನ ಎರಡನೇ ಲೆನ್ಸಿನ ಲೆಕ್ಕ ಹಾಕಿ

ಲೆನ್ಸ್ ಬದಲಿಸಬಹುದಾದ ಮೊದಲ ಕ್ಯಾಮೆರಾ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ಮೆಗಾಪಿಕ್ಸೆಲ್?’ ಅಂತ. ಈ ಪ್ರಶ್ನೆಯನ್ನು ಮನೆಯಲ್ಲೇ ಬಿಟ್ಟು ಹೋಗಿ. 2018ರ ಕ್ಯಾನನ್ 1500ಡಿಯಲ್ಲಿ 24.1, 2023ರ ಆರ್50ರಲ್ಲಿ 24.2, ನಿಕಾನ್ ಝಡ್30ರಲ್ಲಿ 20.9 ಮೆಗಾಪಿಕ್ಸೆಲ್ ಇದೆ. ಗೋಡೆಗೆ ಹಾಕುವ 12x18 ಇಂಚಿನ ಪ್ರಿಂಟಿಗೆ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಬೇಕಾಗುವುದು 19.4. ಮೂರೂ ಧಾರಾಳವಾಗಿ ಸಾಲುತ್ತವೆ.

ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ಬಾಡಿ (ಲೆನ್ಸ್ ಬಿಟ್ಟ ಕ್ಯಾಮೆರಾ) ಮತ್ತು ಅದರ ಜೊತೆಗೇ ಬರುವ ಕಿಟ್ ಲೆನ್ಸ್ ಕೊಂಡ ಮೇಲೆ ಇನ್ನೊಂದು ಲೆನ್ಸಿಗೆ ಕೈಯಲ್ಲಿ ದುಡ್ಡು ಉಳಿಯುತ್ತದೆಯೇ? ಉಳಿದರೆ, ಆ ದುಡ್ಡಿಗೆ ಈ ಮೌಂಟಿನಲ್ಲಿ (ಮೌಂಟ್ ಅಂದರೆ ಬಾಡಿಯಲ್ಲಿ ಲೆನ್ಸ್ ಕೂರುವ ಬಾಯಿ) ನನಗೆ ಬೇಕಾದ ಲೆನ್ಸ್ ಸಿಗುತ್ತದೆಯೇ? ಹೊಸಬರ ಫೋಟೊಗಳು ನಿಜವಾಗಿ ಬದಲಾಗುವುದು ಎರಡನೇ ಲೆನ್ಸ್ ಬಂದಾಗ. ಇದ್ದ ದುಡ್ಡನ್ನೆಲ್ಲ ಬಾಡಿಯ ಮೇಲೆ ಸುರಿದು ಎರಡು ವರ್ಷ ಕಿಟ್ ಲೆನ್ಸಿನಲ್ಲೇ ಉಳಿದವರ ಕ್ಯಾಮೆರಾ ಕೊನೆಗೆ ಬೀರು ಸೇರುತ್ತದೆ, ಕೈಗೆ ಮತ್ತೆ ಫೋನೇ ಬರುತ್ತದೆ.

ಯಾಕೆ ಅಂತ ಒಂದು ಲೆಕ್ಕ ನೋಡಿ. ರಾತ್ರಿ ಯಕ್ಷಗಾನದ ರಂಗಸ್ಥಳ. ವೇಷಧಾರಿಯ ಕೈ ಮಸುಕಾಗದಿರಲು ಶಟರ್ 1/250 ಸೆಕೆಂಡ್ ಆದರೂ ಇರಬೇಕು, ಧಿಗಿಣ ಹಾಕುವಾಗ, ಅಂದರೆ ಹಾರಿ ಸುತ್ತುವಾಗ, 1/500. ಅಪರ್ಚರ್ ಅಂದರೆ ಬೆಳಕು ಒಳಬರುವ ಲೆನ್ಸಿನ ಕಿಂಡಿ, ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು; ಐಎಸ್‌ಒ ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ. ಎಫ್/1.8 ಲೆನ್ಸಿನಲ್ಲಿ 1/250ಕ್ಕೆ ಐಎಸ್‌ಒ 3200 ಸಾಕಾಗುವಷ್ಟು ಬೆಳಕಿದೆ ಎಂದಿಟ್ಟುಕೊಳ್ಳಿ. ಅದೇ ಜಾಗದಲ್ಲಿ ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಅಪರ್ಚರ್ ಎಫ್/6.3ಕ್ಕೆ ಇಳಿಯುತ್ತದೆ. 6.3ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 12. ಅಂದರೆ ಹನ್ನೆರಡರಲ್ಲಿ ಒಂದು ಪಾಲು ಬೆಳಕು, ಬೇಕಾಗುವ ಐಎಸ್‌ಒ 39,000ದ ಹತ್ತಿರ. ಕ್ಯಾನನ್ ಆರ್100ರ ಸಾಮಾನ್ಯ ಮಿತಿಯೇ 12800. ಎಷ್ಟೇ ಹೊಸ ಬಾಡಿ ತಂದರೂ ಈ ಹನ್ನೆರಡು ಪಟ್ಟಿನ ಅಂತರವನ್ನು ಅದು ತುಂಬಿಕೊಡಲಾರದು. ಅಗ್ಗದ ಪ್ರೈಮ್ ಲೆನ್ಸ್ (ಜೂಮ್ ಇಲ್ಲದ, ಒಂದೇ ಅಳತೆಯ ಲೆನ್ಸ್) ತುಂಬಿಕೊಡುತ್ತದೆ.

ಹಾಗಾಗಿ 70 ಸಾವಿರ ಇದ್ದರೆ ಹೀಗೆ ಹಂಚಿ: ಬಾಡಿ ಮತ್ತು ಕಿಟ್ ಲೆನ್ಸಿಗೆ 50, ಎರಡನೇ ಲೆನ್ಸಿಗೆ 14, ಉಳಿದ 6 ಸಾವಿರ ಕಾರ್ಡ್, ಇನ್ನೊಂದು ಬ್ಯಾಟರಿ, ಧೂಳು ಊದುವ ಬ್ಲೋವರ್ ಮತ್ತು ಲೆನ್ಸ್ ಇಡುವ ಡಬ್ಬಿಗೆ. ದುಡ್ಡು 40 ಸಾವಿರವೇ ಇದ್ದರೂ ಇದೇ ಪ್ರಮಾಣ ಇರಲಿ. ಹೊಸ ಬಾಡಿ ಅದಕ್ಕೆ ಒಗ್ಗದಿದ್ದರೆ ಸೆಕೆಂಡ್ ಹ್ಯಾಂಡ್ ಕೊಳ್ಳಿ. ಎರಡನೇ ಲೆನ್ಸಿನ ದುಡ್ಡನ್ನು ಮಾತ್ರ ಮುಟ್ಟಬೇಡಿ.

ಡಿಎಸ್‌ಎಲ್‌ಆರ್ ಬೇಕೇ, ಮಿರರ್‌ಲೆಸ್ ಬೇಕೇ?

ಡಿಎಸ್‌ಎಲ್‌ಆರ್ ಅಂದರೆ ಒಳಗೆ ಕನ್ನಡಿ ಇರುವ ಹಳೆಯ ಬಗೆಯ ಕ್ಯಾಮೆರಾ, ಮಿರರ್‌ಲೆಸ್ ಅಂದರೆ ಕನ್ನಡಿ ಇಲ್ಲದ್ದು. ಹೊಸದನ್ನೇ ಕೊಳ್ಳುವುದಾದರೆ ಮಿರರ್‌ಲೆಸ್. ಸೆಕೆಂಡ್ ಹ್ಯಾಂಡ್ ಆದರೆ ಡಿಎಸ್‌ಎಲ್‌ಆರ್ ಈಗಲೂ ಒಳ್ಳೆಯ ವ್ಯಾಪಾರ. ಕ್ಯಾನನ್ ಆಗಲಿ ನಿಕಾನ್ ಆಗಲಿ 2020ರ ಬಳಿಕ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. ಹೊಸ ಲೆನ್ಸುಗಳೂ ಆ ಮೌಂಟುಗಳಿಗೆ ಬರುತ್ತಿಲ್ಲ. ಆದರೆ ಈಗಾಗಲೇ ತಯಾರಾದ ಲೆನ್ಸುಗಳ ರಾಶಿ ದೊಡ್ಡದು, ಬೆಲೆ ಇಳಿಯುತ್ತಲೇ ಇದೆ.

ಎರಡರ ವ್ಯತ್ಯಾಸ ಬರೀ ಗಾತ್ರದ್ದಲ್ಲ. ಡಿಎಸ್‌ಎಲ್‌ಆರಿನಲ್ಲಿ ಕನ್ನಡಿ ಬೆಳಕನ್ನು ಬೇರೊಂದು ಫೋಕಸ್ ಸೆನ್ಸರಿಗೆ ಕಳಿಸುತ್ತದೆ, ಫೋಟೊ ಬೀಳುವುದು ಇನ್ನೊಂದು ಸೆನ್ಸರಿನ ಮೇಲೆ. ಈ ಎರಡು ದಾರಿಗಳ ಉದ್ದದಲ್ಲಿ ಕೂದಲೆಳೆ ವ್ಯತ್ಯಾಸ ಬಂದರೂ ಫೋಕಸ್ ಕಣ್ಣಿನ ಬದಲು ಕಿವಿಯ ಮೇಲೆ ಕೂರುತ್ತದೆ. ಎಫ್/8ರಲ್ಲಿ ಇದು ಗೊತ್ತಾಗುವುದಿಲ್ಲ, ಎಫ್/1.8ರಲ್ಲಿ ಎದ್ದು ಕಾಣುತ್ತದೆ. 1500ಡಿಯಂಥ ಆರಂಭಿಕ ಬಾಡಿಗಳ ಮೆನುವಿನಲ್ಲಿ ಇದನ್ನು ಸರಿಪಡಿಸುವ ಹೊಂದಾಣಿಕೆ ಇಲ್ಲ. ಅಂಥ ಜೋಡಿ ಕೈಗೆ ಬಂದರೆ ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆ ನೋಡಿಕೊಂಡು ಫೋಕಸ್ ಮಾಡಬೇಕಾಗುತ್ತದೆ. ಮಿರರ್‌ಲೆಸ್ ಕ್ಯಾಮೆರಾ ಫೋಟೊ ತೆಗೆಯುವ ಸೆನ್ಸರಿನ ಮೇಲೇ ಫೋಕಸ್ ಮಾಡುವುದರಿಂದ ಈ ತೊಂದರೆ ಹುಟ್ಟುವುದೇ ಇಲ್ಲ. ಜೊತೆಗೆ ಕಣ್ಣನ್ನು ಗುರುತಿಸಿ ಹಿಂಬಾಲಿಸುತ್ತದೆ. ಓಡಾಡುವ ಮಗುವಿನ ಫೋಟೊ ತೆಗೆಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಕಲಿಯುವವರಿಗೆ ಮಿರರ್‌ಲೆಸ್ಸಿನ ಇನ್ನೊಂದು ಅನುಕೂಲವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಎಕ್ಸ್‌ಪೋಶರ್ ತಪ್ಪಿದರೆ ಫೋಟೊ ತೆಗೆಯುವ ಮೊದಲೇ ವ್ಯೂಫೈಂಡರಿನಲ್ಲಿ ಕಪ್ಪಾಗಿಯೋ ಬೆಳ್ಳಗಾಗಿಯೋ ಕಾಣುತ್ತದೆ. ಡಯಲ್ ತಿರುಗಿಸಿದಂತೆ ಚಿತ್ರ ಬದಲಾಗುವುದನ್ನು ಕಣ್ಣಾರೆ ನೋಡಿದರೆ ಅಪರ್ಚರ್, ಶಟರ್, ಐಎಸ್‌ಒಗಳ ನಂಟು ಒಂದು ವಾರದಲ್ಲಿ ಕೈಗೆ ಹತ್ತುತ್ತದೆ.

ಡಿಎಸ್‌ಎಲ್‌ಆರ್ ಗೆಲ್ಲುವುದು ಬ್ಯಾಟರಿಯಲ್ಲಿ. ಪ್ರಮಾಣಿತ ಪರೀಕ್ಷೆಯ ಪ್ರಕಾರ ನಿಕಾನ್ ಡಿ3500 ಒಂದು ಚಾರ್ಜಿಗೆ 1,550 ಫೋಟೊ, ಕ್ಯಾನನ್ 200ಡಿ ಮಾರ್ಕ್ 2 ಸುಮಾರು 1,070 ಫೋಟೊ ಕೊಡುತ್ತವೆ. ಝಡ್30 ಕೊಡುವುದು 330ರ ಆಸುಪಾಸು. ಹಂಪಿಗೆ ಬೆಳಿಗ್ಗೆ ಹೋಗಿ ಸಂಜೆ ಬರುವವರು ಮಿರರ್‌ಲೆಸ್ ಜೊತೆ ಇನ್ನೊಂದು ಬ್ಯಾಟರಿ ಇಟ್ಟುಕೊಳ್ಳಲೇಬೇಕು.

ಮೌಂಟ್ ಅಂದರೆ ದೀರ್ಘಕಾಲದ ಸಂಬಂಧ

ಬಾಡಿ ನಾಲ್ಕೈದು ವರ್ಷಕ್ಕೆ ಬದಲಾಗುತ್ತದೆ, ಲೆನ್ಸ್ ಜೊತೆಗೇ ಉಳಿಯುತ್ತದೆ. ಆದ್ದರಿಂದ ಮೌಂಟಿನ ಸ್ಥಿತಿಗತಿ ತಿಳಿದಿರಲಿ.

ಅಗ್ಗದ ಲೆನ್ಸುಗಳ ವಿಷಯದಲ್ಲಿ ಸೋನಿ ಇ ಮೌಂಟ್ ಮುಂದಿದೆ. ಸಿಗ್ಮಾ, ಟ್ಯಾಮ್ರಾನ್, ವಿಲ್ಟ್ರಾಕ್ಸ್ ಮುಂತಾದ ಕಂಪನಿಗಳು ಹಿಂದಿನಿಂದಲೂ ಇದಕ್ಕೆ ಲೆನ್ಸ್ ಮಾಡುತ್ತಿವೆ, ಸೆಕೆಂಡ್ ಹ್ಯಾಂಡಿನಲ್ಲೂ ಬೇಕಾದಷ್ಟು ಸಿಗುತ್ತವೆ. ಕ್ಯಾನನ್ ತನ್ನ ಆರ್‌ಎಫ್ ಮೌಂಟನ್ನು ಹೊರಗಿನ ಆಟೊಫೋಕಸ್ ಲೆನ್ಸುಗಳಿಗೆ ಬಹುಕಾಲ ಮುಚ್ಚಿಟ್ಟಿತ್ತು. 2024ರಲ್ಲಿ ಸಿಗ್ಮಾ ಮತ್ತು ಟ್ಯಾಮ್ರಾನ್‌ಗಳ ಎಪಿಎಸ್-ಸಿ ಲೆನ್ಸುಗಳಿಗೆ (ಇಂಥ ಆರಂಭಿಕ ಬಾಡಿಗಳ ಚಿಕ್ಕ ಸೆನ್ಸರಿಗೆ ತಕ್ಕವು) ಬಾಗಿಲು ತೆರೆಯಿತು. ಸಿಗ್ಮಾದ 18-50 ಎಂಎಂ ಎಫ್/2.8 ಈಗ ಆರ್‌ಎಫ್‌ಗೂ ಇದೆ. ಎರಡು ವರ್ಷ ಬಿಟ್ಟು ಕಿಟ್ ಲೆನ್ಸನ್ನು ಮೂಲೆಗಿಡಲು ಮನಸ್ಸು ಮಾಡುವವರಿಗೆ ಅದಕ್ಕಿಂತ ಒಳ್ಳೆಯ ಲೆನ್ಸ್ ಕಷ್ಟ.

ಕ್ಯಾನನ್‌ಗೆ ಇನ್ನೊಂದು ಬಲ ಇದೆ. ಇಎಫ್–ಇಒಎಸ್ ಆರ್ ಅಡಾಪ್ಟರ್ ಹಾಕಿದರೆ ಹಳೆಯ ಇಎಫ್, ಇಎಫ್-ಎಸ್ ಲೆನ್ಸುಗಳೆಲ್ಲ ಆರ್50, ಆರ್100ರ ಮೇಲೆ ಆಟೊಫೋಕಸ್ ಸಮೇತ ಕೆಲಸ ಮಾಡುತ್ತವೆ. ಮನೆಯಲ್ಲಿ ಅಣ್ಣನದೋ ಮಾವನದೋ ಹಳೆಯ ಕ್ಯಾನನ್ ಲೆನ್ಸುಗಳಿದ್ದರೆ ನಿಮ್ಮ ಆಯ್ಕೆ ಅರ್ಧ ಮುಗಿಯಿತು. ತದ್ವಿರುದ್ಧ ಸಾಧ್ಯವಿಲ್ಲ, ಆರ್‌ಎಫ್ ಲೆನ್ಸ್ ಹಳೆಯ ಡಿಎಸ್‌ಎಲ್‌ಆರ್ ಮೇಲೆ ಕೂರುವುದಿಲ್ಲ. ಇಎಫ್-ಎಂ ಅನ್ನುವ ಮೂರನೇ ಮೌಂಟೊಂದಿದೆ, ಎಂ50 ಕ್ಯಾಮೆರಾಗಳದ್ದು. ಅದನ್ನು ಕಂಪನಿ ಕೈಬಿಟ್ಟಿದೆ. ಸೆಕೆಂಡ್ ಹ್ಯಾಂಡ್ ಎಂ50 ಆಕರ್ಷಕ ಬೆಲೆಗೆ ಕಾಣಿಸುತ್ತದೆ, ಕ್ಯಾಮೆರಾವೂ ಕೆಟ್ಟದ್ದಲ್ಲ, ಆದರೆ ಆ ಲೆನ್ಸುಗಳು ಮುಂದೆ ಆರ್‌ಎಫ್ ಬಾಡಿಗೆ ಯಾವ ಅಡಾಪ್ಟರಿನಿಂದಲೂ ಹೊಂದುವುದಿಲ್ಲ.

ನಿಕಾನ್‌ನಲ್ಲಿ ಹೊಸಬರು ಎಡವುವ ಕಲ್ಲು ಎಎಫ್-ಡಿ ಲೆನ್ಸ್. ಹಳೆಯ 50 ಎಂಎಂ ಎಫ್/1.8ಡಿ ಬಹಳ ಅಗ್ಗ. ಆದರೆ ಅದರೊಳಗೆ ಫೋಕಸ್ ಮೋಟಾರ್ ಇಲ್ಲ, ಬಾಡಿಯ ಮೋಟಾರನ್ನು ನಂಬಿದೆ. ಡಿ3500, ಡಿ5600 ಬಾಡಿಗಳಲ್ಲಿ ಆ ಮೋಟಾರ್ ಇಲ್ಲ. ಝಡ್ ಬಾಡಿಗೆ ಎಫ್‌ಟಿಝಡ್ ಅಡಾಪ್ಟರ್ ಹಾಕಿದರೂ ಅಷ್ಟೇ, ಕೈಯಲ್ಲೇ ಫೋಕಸ್ ತಿರುಗಿಸಬೇಕು. ಈ ಡಿಎಸ್‌ಎಲ್‌ಆರ್‌ಗಳಿಗೆ ಕೊಳ್ಳಬೇಕಾದದ್ದು ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಎಂದಿರುವ ಲೆನ್ಸ್. ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್/1.8ಜಿ ಈ ಬಾಡಿಗಳಿಗೆ ಹೇಳಿ ಮಾಡಿಸಿದಂತಿದೆ.

ಆರಂಭಿಕರಿಗೆ ಒಗ್ಗುವ ಕ್ಯಾಮೆರಾಗಳು

ಮೊದಲು 50 ಸಾವಿರದ ಸುತ್ತಮುತ್ತ ಹೊಸದಾಗಿ ಸಿಗುವ ಎರಡನ್ನು ನೋಡೋಣ: ಕ್ಯಾನನ್ 1500ಡಿ ಮತ್ತು ಆರ್100.

1500ಡಿಯಲ್ಲಿ ಒಂಬತ್ತೇ ಫೋಕಸ್ ಬಿಂದು, ಸೆಕೆಂಡಿಗೆ ಮೂರು ಫೋಟೊ, ವಿಡಿಯೊ ಫುಲ್ ಎಚ್‌ಡಿ ಮಾತ್ರ, ಮೈಕ್ ಚುಚ್ಚುವ ಜಾಗವೇ ಇಲ್ಲ. ವ್ಯೂಫೈಂಡರಿನಲ್ಲಿ ಚೌಕಟ್ಟಿನ ಶೇ 95 ಭಾಗ ಮಾತ್ರ ಕಾಣುವುದರಿಂದ ಅಂಚಿನಲ್ಲಿ ನೀವು ನೋಡದ ವಿದ್ಯುತ್ ಕಂಬ ಫೋಟೊದಲ್ಲಿ ಇಣುಕುತ್ತದೆ. ಇಷ್ಟೆಲ್ಲ ಇದ್ದರೂ ಇದರ ಗುಟ್ಟು ಲೆನ್ಸಿನಲ್ಲಿದೆ. ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ ಹೊಸದೇ ಹತ್ತು ಸಾವಿರದ ಆಸುಪಾಸಿಗೆ ಬರುತ್ತದೆ, ಬಳಸಿದ್ದು ಇನ್ನೂ ಕಡಿಮೆಗೆ.

ಆರ್100 ಬ್ಯಾಟರಿ ಸಮೇತ 356 ಗ್ರಾಂ. ಮುಖ ಮತ್ತು ಕಣ್ಣು ಗುರುತಿಸುವ ಫೋಕಸ್ ಇದೆ, ವ್ಯೂಫೈಂಡರ್ ಇದೆ, ಒಳಗೇ ಫ್ಲ್ಯಾಶ್ ಇದೆ. ಆದರೆ ಪರದೆ ಹೊರಳುವುದಿಲ್ಲ, ಮುಟ್ಟಿದರೆ ಸ್ಪಂದಿಸುವುದೂ ಇಲ್ಲ. ಫೋನಿಗೆ ಒಗ್ಗಿದ ಬೆರಳು ಮೊದಲ ವಾರ ಪರದೆಯನ್ನು ಒತ್ತುತ್ತಲೇ ಇರುತ್ತದೆ. ಇದರ 4ಕೆ ವಿಡಿಯೊವನ್ನು ಇಲ್ಲವೆಂದೇ ತಿಳಿಯಿರಿ: ಚೌಕಟ್ಟನ್ನು ಸುಮಾರು ಒಂದೂವರೆ ಪಟ್ಟು ಕತ್ತರಿಸುತ್ತದೆ, ಕ್ಯಾನನ್ನಿನ ಒಳ್ಳೆಯ ‘ಡ್ಯುಯಲ್ ಪಿಕ್ಸೆಲ್’ ಆಟೊಫೋಕಸ್ ಆಗ ಕೆಲಸ ಮಾಡುವುದಿಲ್ಲ.

ಫೋಟೊ ಮಾತ್ರ ಸಾಕು ಎನ್ನುವವರಿಗೆ ಈ ಎರಡರಲ್ಲಿ ಆರ್100 ಕಡೆಗೇ ನಮ್ಮ ಒಲವು, ಫೋಕಸ್ ನಿಖರವಾಗಿರುವುದರಿಂದ. 1500ಡಿಯನ್ನು ಹೊಸದಾಗಿ ಕೊಳ್ಳಲು ಕಾರಣವೇ ಉಳಿದಿಲ್ಲ. ಚೆನ್ನಾಗಿ ಇಟ್ಟುಕೊಂಡ ಸೆಕೆಂಡ್ ಹ್ಯಾಂಡ್ ಸಿಕ್ಕರೆ, ಉಳಿದ ದುಡ್ಡಿನಲ್ಲಿ ಎರಡು ಲೆನ್ಸ್ ಬರುವುದಾದರೆ, ಆಗ ಅದೇ ಸರಿ. ಇನ್ನೂ ಕೆಳಗಿನ 3000ಡಿ ಬೇಡ. ಅದರ ಲೆನ್ಸ್ ಮೌಂಟೇ ಪ್ಲಾಸ್ಟಿಕ್ಕಿನದು.

ಹೊಸ ಡಿಎಸ್‌ಎಲ್‌ಆರ್ ಪೊಟ್ಟಣಗಳಲ್ಲಿ ಒಂದು ಬಲೆ ಇದೆ. ‘ಎರಡು ಲೆನ್ಸ್ ಆಫರ್’ ಎಂದು 18-55 ಜೊತೆ 75-300 ಎಂಎಂ ಕೊಡುತ್ತಾರೆ. ಕ್ಯಾನನ್ನಿನ ಈ ಇಎಫ್ 75-300 ಮಾದರಿಯಲ್ಲಿ ನಡುಕ ತಡೆಯುವ ವ್ಯವಸ್ಥೆ ಇಲ್ಲ. 300 ಎಂಎಂನಲ್ಲಿ ಕೈಯ ನಡುಕ ನಿಲ್ಲಬೇಕಾದರೆ 1/500 ಸೆಕೆಂಡಿಗಿಂತ ವೇಗದ ಶಟರ್ ಬೇಕು, ಮೋಡದ ದಿನ ಅದು ಸಿಗುವುದಿಲ್ಲ. ಬದಲಿಗೆ ಇಎಫ್-ಎಸ್ 55-250 ಐಎಸ್ ಎಸ್‌ಟಿಎಂ ಕೇಳಿ. ಹೆಸರಿನಲ್ಲಿ ‘ಐಎಸ್’ ಇದೆಯೇ ಎಂದು ಓದಿ ನೋಡಿ. ನಿಕಾನ್‌ನಲ್ಲಿ ಅದೇ ಸಂಗತಿಗೆ ‘ವಿಆರ್’, ಸೋನಿಯಲ್ಲಿ ‘ಒಎಸ್‌ಎಸ್’ ಎನ್ನುತ್ತಾರೆ. ನಿಕಾನ್ ಎಎಫ್-ಪಿ ಡಿಎಕ್ಸ್ 70-300 ವಿಆರ್ ಇರುವುದೂ ಇಲ್ಲದ್ದೂ ಎರಡೂ ಮಾರುಕಟ್ಟೆಯಲ್ಲಿವೆ, ನೋಡಲು ಒಂದೇ ತೆರ.

ಇನ್ನು 60ರಿಂದ 80 ಸಾವಿರದ ಅಂಗಳ. ನಿಜವಾದ ಸ್ಪರ್ಧೆ ಇಲ್ಲಿದೆ: ಕ್ಯಾನನ್ ಆರ್50, ನಿಕಾನ್ ಝಡ್30, ಸೋನಿ ಝಡ್‌ವಿ-ಇ10.

ಮೊದಲು ಒಂದೇ ಒಂದು ಸಂಗತಿಯಿಂದ ಜರಡಿ ಹಿಡಿಯಿರಿ. ಝಡ್30ರಲ್ಲೂ ಝಡ್‌ವಿ-ಇ10ರಲ್ಲೂ ವ್ಯೂಫೈಂಡರ್ ಇಲ್ಲ, ಆಮೇಲೆ ಜೋಡಿಸಲೂ ಬರುವುದಿಲ್ಲ. ನಮ್ಮ ಮಧ್ಯಾಹ್ನದ ಬಿಸಿಲಿನಲ್ಲಿ, ರಂಗನತಿಟ್ಟಿನ ದೋಣಿಯಲ್ಲೋ ಬಾದಾಮಿಯ ಬಂಡೆಯ ಮೇಲೋ ನಿಂತಾಗ, ಹಿಂದಿನ ಪರದೆಯಲ್ಲಿ ಕಾಣುವುದು ನಿಮ್ಮದೇ ಮುಖದ ನೆರಳು. ಉದ್ದ ಲೆನ್ಸನ್ನು ಕೈ ಚಾಚಿ ಹಿಡಿದರೆ ನಡುಕವೂ ಹೆಚ್ಚು. ವ್ಯೂಫೈಂಡರನ್ನು ಹುಬ್ಬಿಗೆ ಒತ್ತಿ ಹಿಡಿದರೆ ಕ್ಯಾಮೆರಾಗೆ ಮೂರನೇ ಆಧಾರ ಸಿಗುತ್ತದೆ. ಹೊರಾಂಗಣದ ಫೋಟೊ, ಹಕ್ಕಿ, ಆಟೋಟ ನಿಮ್ಮ ಆಸಕ್ತಿಯಾದರೆ ಇವೆರಡನ್ನೂ ಈಗಲೇ ಪಟ್ಟಿಯಿಂದ ತೆಗೆಯಿರಿ. ವಿಡಿಯೊ, ಅಡುಗೆಮನೆಯ ಚಿತ್ರೀಕರಣ, ಮನೆಯೊಳಗಿನ ಫೋಟೊ ಹೆಚ್ಚೆನ್ನುವವರಿಗೆ ವ್ಯೂಫೈಂಡರ್ ಇಲ್ಲದಿರುವುದು ಕೊರತೆಯೇ ಅಲ್ಲ.

ಆರ್50 ಈ ಮೂರರಲ್ಲಿ ಎಲ್ಲಕ್ಕೂ ಸಲ್ಲುವ ಕ್ಯಾಮೆರಾ. 375 ಗ್ರಾಂ. ಪರದೆ ಪಕ್ಕಕ್ಕೆ ತೆರೆದು ಹೊರಳುತ್ತದೆ, ಸ್ಪರ್ಶಕ್ಕೆ ಸ್ಪಂದಿಸುತ್ತದೆ. ಮನುಷ್ಯರು, ನಾಯಿ, ಬೆಕ್ಕು, ಹಕ್ಕಿ, ವಾಹನ ಎಲ್ಲವನ್ನೂ ಫೋಕಸ್ ಗುರುತಿಸುತ್ತದೆ. 4ಕೆ 30 ಫ್ರೇಮಿನ ವಿಡಿಯೊ ಚೌಕಟ್ಟು ಕತ್ತರಿಸದೆ, 6ಕೆ ಮಾಹಿತಿಯಿಂದ ತಯಾರಾಗಿ ಬರುತ್ತದೆ. ಕೊರತೆಗಳೂ ಇವೆ. ಒಂದೇ ಡಯಲ್ ಇರುವುದರಿಂದ ಮ್ಯಾನುಯಲ್ ಮೋಡಿನಲ್ಲಿ ಶಟರ್, ಅಪರ್ಚರ್ ಎರಡಕ್ಕೂ ಅದನ್ನೇ ಹಂಚಬೇಕು. ರಾ ಫೈಲಿನಲ್ಲಿ (ಸಂಸ್ಕರಿಸದ, ದೊಡ್ಡ ಗಾತ್ರದ ಫೋಟೊ) ಬರ್ಸ್ಟ್, ಅಂದರೆ ಒಂದರ ಹಿಂದೊಂದು ಫೋಟೊ, ಒತ್ತಿದರೆ ಸೆಕೆಂಡಿನೊಳಗೆ ಬಫರ್ (ಒಳಗಿನ ತಾತ್ಕಾಲಿಕ ಮೆಮೊರಿ) ತುಂಬಿ ಕ್ಯಾಮೆರಾ ತಡವರಿಸುತ್ತದೆ. ಹಕ್ಕಿ ಹಾರುವಾಗ ಜೆಪೆಗ್‌ನಲ್ಲಿ ತೆಗೆಯುವುದೇ ದಾರಿ. ಹಾಟ್ ಶೂ, ಅಂದರೆ ಮೇಲೆ ಫ್ಲ್ಯಾಶ್ ಕೂರಿಸುವ ಜಾಗ ಕೂಡ ಹೊಸ ಬಗೆಯದು, ಹಳೆಯ ಫ್ಲ್ಯಾಶ್ ನೇರವಾಗಿ ಕೂರಿಸಿದರೆ ಮಿಂಚುವುದಿಲ್ಲ, ಎಡಿ-ಇ1 ಎಂಬ ಅಡಾಪ್ಟರ್ ಬೇಕು. 200ಡಿ ಮಾರ್ಕ್ 2 ಡಿಎಸ್‌ಎಲ್‌ಆರಿನ ಹಾಟ್ ಶೂನಲ್ಲೂ ನಡುವಿನ ಪಿನ್ ಇಲ್ಲ. ಅಗ್ಗದ ಫ್ಲ್ಯಾಶ್ ಟ್ರಿಗರ್ ಬಳಸಿ ಭಾವಚಿತ್ರ ತೆಗೆಯುವ ಆಸೆ ಇದ್ದವರು ಯಾವುದೇ ಆರಂಭಿಕ ಕ್ಯಾನನ್ ಕೊಳ್ಳುವ ಮುನ್ನ ಆ ಪಿನ್ ಇದೆಯೇ ಎಂದು ಬಗ್ಗಿ ನೋಡಿ.

ಝಡ್30ರ ಹಿಡಿತ ಮೂರರಲ್ಲಿ ಉತ್ತಮ. ಎರಡು ಡಯಲ್ ಇರುವುದರಿಂದ ಮ್ಯಾನುಯಲ್ ಕಲಿಯಲು ಹಿತ. ಅದರ 16-50 ಕಿಟ್ ಲೆನ್ಸ್ ಈ ಮೂರು ಕಿಟ್ ಲೆನ್ಸುಗಳಲ್ಲಿ ಅತ್ಯಂತ ಚೊಕ್ಕ. ಚಿಕ್ಕ ಸೆನ್ಸರ್ ನೋಟವನ್ನು ಇಕ್ಕಟ್ಟಾಗಿಸುವುದರಿಂದ ಎಂಎಂ ಅಂಕಿಯನ್ನು ಗುಣಿಸಿ ನೋಡಬೇಕು, ಉತ್ತರ ಚಿಕ್ಕದಾದಷ್ಟೂ ನೋಟ ಅಗಲ. ನಿಕಾನ್‌ನ 16 ಎಂಎಂಗೆ 1.5 ಗುಣಿಸಿದರೆ 24, ಕ್ಯಾನನ್ನಿನ 18ಕ್ಕೆ 1.6 ಗುಣಿಸಿದರೆ 29 ಬರುತ್ತದೆ. ಕಾಗದದ ಮೇಲೆ ಐದೇ ಅಂಕಿಯ ವ್ಯತ್ಯಾಸ. ಆದರೆ ಗೃಹಪ್ರವೇಶದ ದಿನ ಸಣ್ಣ ಹಜಾರದಲ್ಲಿ ನೆಂಟರೆಲ್ಲ ಸಾಲಾಗಿ ನಿಂತಾಗ ಎರಡು ತುದಿಯ ಇಬ್ಬರು ಚೌಕಟ್ಟಿನೊಳಗೆ ಬರುವುದೂ ಬಿಡುವುದೂ ಆ ಐದರ ಮೇಲೆ ನಿಂತಿರುತ್ತದೆ. ಫ್ಲ್ಯಾಶ್ ಒಳಗಿಲ್ಲ. ಫೋಕಸ್ ಮನುಷ್ಯ, ನಾಯಿ, ಬೆಕ್ಕುಗಳ ಕಣ್ಣು ಹಿಡಿಯುತ್ತದೆ, ಹಕ್ಕಿಯದ್ದಲ್ಲ.

ಝಡ್‌ವಿ-ಇ10 ವಿಡಿಯೊ ಮಾಡುವವರಿಗಾಗಿ ಹುಟ್ಟಿದ ಕ್ಯಾಮೆರಾ. ಮೈಕ್ ಮತ್ತು ಹೆಡ್‌ಫೋನ್ ಎರಡಕ್ಕೂ ಜಾಗ ಇರುವುದು ಮೂರರಲ್ಲಿ ಇದಕ್ಕೆ ಮಾತ್ರ. ದನಿ ಸರಿಯಾಗಿ ಬರುತ್ತಿದೆಯೇ ಎಂದು ಸ್ಥಳದಲ್ಲೇ ಕೇಳಿಸಿಕೊಳ್ಳಲು ಅದು ಬೇಕೇಬೇಕು. 4ಕೆಯಲ್ಲಿ 25 ಫ್ರೇಮ್ ಪೂರ್ತಿ ಅಗಲಕ್ಕೆ ಸಿಗುತ್ತದೆ, 30 ಫ್ರೇಮಿಗೆ ಹೋದರೆ 1.23 ಪಟ್ಟು ಕತ್ತರಿಸುತ್ತದೆ. ಕ್ಯಾಮೆರಾವನ್ನು ಸರಕ್ಕನೆ ತಿರುಗಿಸಿದರೆ ನೆಟ್ಟಗಿನ ಕಂಬಗಳು ವಾಲಿದಂತೆ ಕಾಣುತ್ತವೆ, ಸೆನ್ಸರ್ ಸಾಲುಸಾಲಾಗಿ ನಿಧಾನ ಓದುವುದೇ ಅದಕ್ಕೆ ಕಾರಣ. ಇದರ ಬಲ ಲೆನ್ಸ್ ಬಳಗ. ಫೋಟೊಗೂ ಸೋನಿಯೇ ಬೇಕೆಂದರೆ ವ್ಯೂಫೈಂಡರ್ ಇರುವ ಎ6100 ಅಥವಾ ಎ6400 ಹುಡುಕಿ. ಎರಡೂ 2019ರವು, ಬಳಸಿದ್ದು ಸಿಕ್ಕರೆ ಈ ಬೆಲೆಗೇ ಒಗ್ಗುತ್ತವೆ.

ಈ ಮೂರರಲ್ಲಿ ಯಾವುದರ ಬಾಡಿಯಲ್ಲೂ ಸೆನ್ಸರನ್ನೇ ಅಲುಗಿಸಿ ನಡುಕ ತಡೆಯುವ ವ್ಯವಸ್ಥೆ ಇಲ್ಲ. ನಡೆಯುತ್ತಾ ವಿಡಿಯೊ ಮಾಡುವವರು ಲೆನ್ಸಿನೊಳಗಿನ ತಡೆಯನ್ನೇ ನಂಬಬೇಕು.

ಇನ್ನೂ ಹತ್ತು ಹದಿನೈದು ಸಾವಿರ ಏರಿಸಲು ಸಾಧ್ಯವಿದ್ದರೆ ಕ್ಯಾನನ್ ಆರ್10, 2024ರ ನಿಕಾನ್ ಝಡ್50 2 ಎರಡೂ ಹಕ್ಕಿ ಹಿಂಬಾಲಿಸುವವರಿಗೆ ಒಳ್ಳೆಯವು. ಎರಡು ಡಯಲ್, ದೊಡ್ಡ ಬಫರ್, ವ್ಯೂಫೈಂಡರ್ ಇವೆ. ಆದರೆ ಆ ಹೆಚ್ಚಿನ ದುಡ್ಡು ಲೆನ್ಸಿನ ಪಾಲಿನದಾಗಿದ್ದರೆ ಬೇಡ. ಫ್ಯೂಜಿಫಿಲ್ಮ್ ಬಣ್ಣಗಳು ಚೆಂದ, ಲೆನ್ಸ್ ದುಬಾರಿ. ಮೊದಲ ಕ್ಯಾಮೆರಾಗೆ ನಾವು ಹೇಳುವುದಿಲ್ಲ.

ಎರಡನೇ ಲೆನ್ಸ್ ಯಾವುದು?

‘50 ಎಂಎಂ ಎಫ್/1.8 ತಗೊಳ್ಳಿ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅರ್ಧ ಸರಿ. ಎಪಿಎಸ್-ಸಿ ಸೆನ್ಸರಿನ ಮೇಲೆ 50 ಎಂಎಂ 75–80 ಎಂಎಂನಷ್ಟು ಇಕ್ಕಟ್ಟಿನ ನೋಟ ಕೊಡುತ್ತದೆ. ಐದೂಮುಕ್ಕಾಲು ಅಡಿಯ ವ್ಯಕ್ತಿಯನ್ನು ಅಡಿಯಿಂದ ಮುಡಿಯವರೆಗೆ ತುಂಬಿಸಲು, ಕ್ಯಾಮೆರಾ ಉದ್ದುದ್ದ ಹಿಡಿದರೂ, ನಾಲ್ಕು ಮೀಟರಿನಷ್ಟು ಹಿಂದೆ ಸರಿಯಬೇಕು. ಹತ್ತು ಅಡಿಯ ಕೋಣೆ ಮೂರೇ ಮೀಟರ್. ಗೋಡೆಗೆ ಬೆನ್ನು ಅಂಟಿದ ಮೇಲೂ ಕಾಲು ಕತ್ತರಿಸಿಹೋಗುತ್ತದೆ. ಮನೆಯೊಳಗೆ ಮಗು, ಹಬ್ಬ, ಊಟದ ಎಲೆ ಇವುಗಳಿಗೆ 24ರಿಂದ 35 ಎಂಎಂ ಲೆನ್ಸ್ ಕೊಳ್ಳಿ: ನಿಕಾನ್ ಝಡ್ ಡಿಎಕ್ಸ್ 24 ಎಂಎಂ ಎಫ್/1.7, ಸೋನಿಗೆ ಸಿಗ್ಮಾ 30 ಎಂಎಂ ಎಫ್/1.4, ಕ್ಯಾನನ್ ಆರ್‌ಎಫ್ 28 ಎಂಎಂ ಎಫ್/2.8. ಹೊರಗಿನ ಭಾವಚಿತ್ರ, ರಂಗದ ಮುಂದಿನ ಸಾಲಿನಿಂದ ಯಕ್ಷಗಾನ, ನಾಟಕ – ಇವಕ್ಕೆ 50 ಎಂಎಂ ಪಕ್ಕಾ.

ಕೊಳ್ಳುವ ಮೊದಲು ಪುಕ್ಕಟೆ ಪರೀಕ್ಷೆಯೊಂದಿದೆ. ಕಿಟ್ ಲೆನ್ಸನ್ನು 35ಕ್ಕೆ ತಿರುಗಿಸಿ ಒಂದು ದಿನ ಅಲುಗಿಸದೆ ಫೋಟೊ ತೆಗೆಯಿರಿ. ಮರುದಿನ ಪೂರ್ತಿ ಜೂಮ್ ಮಾಡಿ ಅಲ್ಲೇ ಬಿಡಿ. ಯಾವ ದಿನ ಕಾಲು ಕಡಿಮೆ ತೊಡರಿತೋ ಆ ಅಳತೆಯ ಪ್ರೈಮ್ ನಿಮ್ಮದು.

ಹಕ್ಕಿ ನಿಮ್ಮ ಹುಚ್ಚಾದರೆ ಪ್ರೈಮ್ ಬಿಟ್ಟು ನೇರ ಟೆಲಿಗೆ, ಅಂದರೆ ದೂರದ್ದನ್ನು ಹತ್ತಿರ ತರುವ ಉದ್ದ ಲೆನ್ಸಿಗೆ ಹೋಗಿ. ಇಎಫ್-ಎಸ್ 55-250 ಕ್ಯಾನನ್ ಬಾಡಿಯಲ್ಲಿ 400 ಎಂಎಂನಷ್ಟು ಹತ್ತಿರ ತರುತ್ತದೆ. ರಂಗನತಿಟ್ಟಿನ ದೋಣಿಯಿಂದ ಕೊಕ್ಕರೆಗೂ ಮೊಸಳೆಗೂ ಇದು ಸಾಕು, ಪೊದೆಯೊಳಗಿನ ಸೂರಕ್ಕಿಗೆ ಸಾಲದು. ಆರ್‌ಎಫ್ 100-400 ಎಫ್/5.6-8 ತೂಕ 635 ಗ್ರಾಂ ಮಾತ್ರ, 640 ಎಂಎಂನಷ್ಟು ತಲುಪುತ್ತದೆ. ಆದರೆ ಎಫ್/8 ಆದ್ದರಿಂದ ಕಾಡಿನ ನೆರಳಲ್ಲಿ ಕೈಕೊಡುತ್ತದೆ. ಬೆಳಿಗ್ಗೆ ಬಿಸಿಲೇರಿದ ಮೇಲೆ ಬಯಲಿನಲ್ಲೋ ಕೆರೆಯಂಚಿನಲ್ಲೋ ಚೆನ್ನಾಗಿ ನಡೆಯುತ್ತದೆ.

ರಂಗದ ಎಲ್‌ಇಡಿ ದೀಪದಡಿ ಫೋಟೊಗಳಲ್ಲಿ ಕಪ್ಪು ಪಟ್ಟೆ ಬಂದರೆ ಲೆನ್ಸಿನ ಮೇಲೆ ಅನುಮಾನ ಬೇಡ. ನಮ್ಮ ವಿದ್ಯುತ್ 50 ಹರ್ಟ್ಸ್, ಅದರಿಂದ ನಡೆಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಆರಿಸಿದ್ದರೆ ಅದನ್ನು ತೆಗೆಯಿರಿ, ಮೆನುವಿನಲ್ಲಿ ಫ್ಲಿಕರ್ (ಮಿನುಗು) ತಡೆ ಹಾಕಿ. ವಿಡಿಯೊಗೆ ಶಟರ್ 1/50 ಅಥವಾ 1/100 ಇರಲಿ.

ಸೆಕೆಂಡ್ ಹ್ಯಾಂಡ್ ನೋಡುವ ಕ್ರಮ

ಹಗಲಿನಲ್ಲಿ ಹೋಗಿ. ನಿಮ್ಮ ಮೆಮೊರಿ ಕಾರ್ಡ್ ಮತ್ತು ಫೋನ್ ಟಾರ್ಚ್ ಜೊತೆಗಿರಲಿ.

ಮೊದಲು ಲೆನ್ಸ್. ಬಾಡಿಯಿಂದ ಬಿಚ್ಚಿ, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಬಿಡಿ ಧೂಳಿನ ಕಣಗಳಿದ್ದರೆ ಚಿಂತೆ ಇಲ್ಲ. ಜೇಡರ ಬಲೆಯಂತೆ, ಮರದ ಬೇರಿನಂತೆ ಕವಲೊಡೆದ ಬಿಳಿ ಎಳೆ ಕಂಡರೆ ಅದು ಫಂಗಸ್. ಎಷ್ಟೇ ಬೆಲೆ ಇಳಿಸಿದರೂ ಬೇಡ. ಒಳಗಿನ ಗಾಜು ಬಿಚ್ಚಿ ಒರೆಸಿದರೂ ಮೇಲಿನ ಲೇಪನ ತಿಂದ ಗುರುತು ಉಳಿಯುತ್ತದೆ. ಒಟ್ಟಿಗೆ ಇಟ್ಟರೆ ನಿಮ್ಮ ಇತರ ಲೆನ್ಸುಗಳಿಗೂ ಅಪಾಯ.

ಆಮೇಲೆ ಸೆನ್ಸರ್. ಅಪರ್ಚರ್ ಮೋಡಿನಲ್ಲಿ ಎಫ್/16 ಇಟ್ಟು, ಫೋಕಸ್ ಕೈಯಾರೆ ತಪ್ಪಿಸಿ, ಬಿಳಿ ಗೋಡೆಯ ಫೋಟೊ ತೆಗೆಯಿರಿ. ಕಪ್ಪು ಚುಕ್ಕೆಗಳು ಧೂಳು. ಬ್ಲೋವರಿಗೆ ಹೋಗದಿದ್ದರೆ ಸರ್ವಿಸ್ ಖರ್ಚು ಬೆಲೆಯಲ್ಲಿ ಕಳೆಯಿರಿ. ನಂತರ ಲೆನ್ಸ್ ಮುಚ್ಚಳ ಹಾಕಿ ಐಎಸ್‌ಒ 1600ರಲ್ಲಿ ಎರಡು ಸೆಕೆಂಡಿನ ಫೋಟೊ ತೆಗೆಯಿರಿ. ಹಿಗ್ಗಿಸಿ ನೋಡಿದಾಗ ಕೆಂಪು, ನೀಲಿ ಚುಕ್ಕೆ ಹತ್ತಿಪ್ಪತ್ತು ಕಂಡರೆ ತೊಂದರೆ ಇಲ್ಲ, ಗೆರೆಗೆರೆಯಾಗಿ ಕಂಡರೆ ಬಿಟ್ಟು ಬನ್ನಿ.

ಶಟರ್ ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕ ನಿಕಾನ್‌ನಲ್ಲಿ ಫೋಟೊ ಫೈಲಿನೊಳಗೇ ಬರೆದಿರುತ್ತದೆ. ಕ್ಯಾನನ್‌ನಲ್ಲಿ ಸಾಮಾನ್ಯವಾಗಿ ಹಾಗೆ ಸಿಗುವುದಿಲ್ಲ, ಕಂಪ್ಯೂಟರಿಗೆ ಜೋಡಿಸಿ ತಂತ್ರಾಂಶದಿಂದ ಓದಿಸಬೇಕು. 20–30 ಸಾವಿರದೊಳಗೆ ಇದ್ದರೆ ಹವ್ಯಾಸಿ ಬಳಸಿದ್ದು. 80 ಸಾವಿರ ದಾಟಿದ್ದರೆ ಮದುವೆ ಫೋಟೊಗೆ ದುಡಿದದ್ದಿರಬಹುದು.

ಕೊನೆಗೆ ಫೋಕಸ್. ಮೇಜಿನ ಮೇಲೆ ಪತ್ರಿಕೆ ಹರಡಿ, 45 ಡಿಗ್ರಿ ಓರೆಯಿಂದ ನಡುವಿನ ಸಾಲಿಗೆ ಫೋಕಸ್ ಮಾಡಿ, ಅಪರ್ಚರ್ ಪೂರ್ತಿ ತೆರೆದು ಐದು ಫೋಟೊ ತೆಗೆಯಿರಿ. ಐದರಲ್ಲೂ ಅದೇ ಸಾಲು ಚೂಪಾಗಿರಬೇಕು. ಪ್ರತಿಸಲವೂ ಹಿಂದಿನ ಸಾಲೇ ಚೂಪಾದರೆ ಆ ಬಾಡಿ–ಲೆನ್ಸ್ ಜೋಡಿಯ ಹೊಂದಾಣಿಕೆ ತಪ್ಪಿದೆ.

ಮಳೆಗಾಲದ ವೆಚ್ಚ

ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇರುವವರು ಈ ವೆಚ್ಚವನ್ನು ಕ್ಯಾಮೆರಾದ ಬೆಲೆಯೊಳಗೇ ಸೇರಿಸಿ. ಗಾಳಿಯ ತೇವಾಂಶ ಶೇ 65ನ್ನು ದಾಟಿ ವಾರಗಟ್ಟಲೆ ನಿಂತರೆ ಲೆನ್ಸಿನೊಳಗೆ ಫಂಗಸ್ ಹಿಡಿಯುತ್ತದೆ. ಆಗುಂಬೆ, ಶಿರಸಿ, ಮಂಗಳೂರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಅದೇ ಸ್ಥಿತಿ. ಕ್ಯಾಮೆರಾ ಬ್ಯಾಗಿನಲ್ಲೇ ಇಟ್ಟರೆ ಇನ್ನೂ ಕೆಟ್ಟದ್ದು. ಒಳಗಿನ ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ, ಕತ್ತಲೆಯೂ ಸೇರುತ್ತದೆ.

ತೇವ ತೆಗೆಯುವ ದುಬಾರಿ ಡ್ರೈ ಕ್ಯಾಬಿನೆಟ್ ಬೇಡ. ರಬ್ಬರ್ ಅಂಚಿನ, ಗಾಳಿಯಾಡದ ಹತ್ತು ಲೀಟರ್ ಪ್ಲಾಸ್ಟಿಕ್ ಡಬ್ಬಿ, ಬಟ್ಟೆ ಚೀಲದಲ್ಲಿ ಕಟ್ಟಿದ 250 ಗ್ರಾಂ ಸಿಲಿಕಾ ಜೆಲ್, ಒಂದು ಪುಟ್ಟ ತೇವಾಂಶ ಮಾಪಕ ಸಾಕು. ಮಾಪಕ 40ರಿಂದ 50ರ ನಡುವೆ ತೋರಿಸುತ್ತಿರಲಿ. 30ಕ್ಕಿಂತ ಕೆಳಗಿಳಿದರೆ ಜೆಲ್ ಸ್ವಲ್ಪ ತೆಗೆಯಿರಿ. ಬಣ್ಣ ಬದಲಾಯಿಸುವ ಜೆಲ್ ಕೊಳ್ಳಿ. ಕಿತ್ತಳೆ ಮಣಿ ಹಸಿರಾದಾಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಬಿಸಿ ಮಾಡಿದರೆ ಮತ್ತೆ ಕಿತ್ತಳೆಗೆ ತಿರುಗುತ್ತದೆ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಅಕ್ಕಿಯಲ್ಲಿ ಹೂತಿಡುವ ಪದ್ಧತಿ ಬಿಡಿ, ಅಕ್ಕಿಯ ಹುಡಿ ಜೂಮ್ ಸಂದಿಗೆ ಸೇರುತ್ತದೆ. ಎಸಿ ಕಾರಿನಿಂದ ಹೊರಗಿಳಿದಾಗ ಲೆನ್ಸ್ ಮಂಜುಗಟ್ಟಿದರೆ ಒರೆಸಬೇಡಿ. ಇಳಿಯುವ ಅರ್ಧ ಗಂಟೆ ಮುಂಚೆ ಎಸಿ ಆರಿಸಿದರೆ, ಇಲ್ಲವೇ ಬ್ಯಾಗ್ ಮುಚ್ಚಿಯೇ ಹೊರಗಿಟ್ಟು ಕಾದರೆ ಮಂಜು ಕೂರುವುದಿಲ್ಲ.

ಅಂಗಡಿಯಲ್ಲಿ ಕೊನೆಯ ಹದಿನೈದು ನಿಮಿಷ

64 ಜಿಬಿಯ, ಯು3 ಮತ್ತು ವಿ30 ಎಂಬ ವೇಗದ ಗುರುತಿರುವ ಕಾರ್ಡ್ ತೆಗೆದುಕೊಳ್ಳಿ, 24 ಮೆಗಾಪಿಕ್ಸೆಲ್ ರಾ ಫೋಟೊ ಎರಡು ಸಾವಿರದಷ್ಟು ಹಿಡಿಯುತ್ತದೆ. ನಕಲಿ ಕಾರ್ಡ್ ಹೊರನೋಟಕ್ಕೆ ತಿಳಿಯುವುದಿಲ್ಲ. ಮನೆಗೆ ಬಂದು ಕಂಪ್ಯೂಟರಿನಿಂದ ಕಾರ್ಡ್ ಪೂರ್ತಿ ತುಂಬುವಷ್ಟು ಫೈಲ್ ಹಾಕಿ, ಎಲ್ಲವೂ ತೆರೆಯುತ್ತವೆಯೇ ನೋಡಿ. ನಕಲಿಯಾದರೆ ಅರ್ಧದ ನಂತರದ್ದು ಹಾಳಾಗಿರುತ್ತದೆ.

ಹೊಸ ಬಾಡಿಗೂ ಬಿಳಿಗೋಡೆ ಮತ್ತು ಪತ್ರಿಕೆಯ ಪರೀಕ್ಷೆ ಅಲ್ಲೇ ಮಾಡಿ, ನಾಚಿಕೊಳ್ಳಬೇಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಬಾಡಿಯ ಸೀರಿಯಲ್ ಸಂಖ್ಯೆ, ಲೆನ್ಸಿನ ಸೀರಿಯಲ್ ಸಂಖ್ಯೆ ಎರಡೂ ಬೇರೆ ಬೇರೆ ಬರೆಸಿ. ಕ್ಯಾಮೆರಾದ ತಳದಲ್ಲಿ, ಪೆಟ್ಟಿಗೆಯ ಮೇಲೆ, ವಾರಂಟಿ ಕಾರ್ಡಿನಲ್ಲಿ ಅದೇ ಸಂಖ್ಯೆ ಇದೆಯೇ ಎಂದು ಓದಿ. ಬೆಲೆ ಬೇರೆಡೆಗಿಂತ ಎಂಟು ಹತ್ತು ಸಾವಿರ ಕಡಿಮೆ ಇದ್ದು, ವಾರಂಟಿ ‘ಅಂಗಡಿಯದ್ದೇ’ ಎಂದು ಹೇಳಿದರೆ ಅದು ವಿದೇಶದಿಂದ ಬೇರೆ ದಾರಿಯಲ್ಲಿ ಬಂದ ಮಾಲು ಆಗಿರುವ ಸಾಧ್ಯತೆ ಹೆಚ್ಚು. ಕಂಪನಿಯ ಇಲ್ಲಿನ ಸರ್ವಿಸ್ ಕೇಂದ್ರದಲ್ಲಿ ಅದಕ್ಕೆ ಉಚಿತ ರಿಪೇರಿ ಸಿಗುವುದಿಲ್ಲ. ಸಂಖ್ಯೆಗಳು ತಾಳೆಯಾದ ಮೇಲೆಯೇ ದುಡ್ಡು ಕೊಡಿ.